ಐವತ್ತೆಂಟು ಗಾಡಿ ದುಡ್ಡು, ಕಂಕುಳಲ್ಲೊಂದು ಹಲಗೆ

ಅಂತರಘಟ್ಟೆಯ ದುರ್ಗಾಂಬ ಜಾತ್ರೆಗೆ ಪಾನಕದ ಗಾಡಿಗಳು ದೂಳೆಬ್ಬಿಸಿಕೊಂಡು ಓಡಿ ಬರುವುದನ್ನು ನೋಡಿದವರು ಆ ಗಾಡಿಗಳನ್ನು ಒಂದು ಲೆಕ್ಕಕ್ಕೆ ನನಗೆ ಕಡ ಕೊಡಬೇಕು. ಪಾನಕ ಇಳಿಸಿ, 500 ರೂಪಾಯಿ ನೋಟಿನ ಕಟ್ಟು ಹೇರೋಣ. ನೋಟೊಂದಕ್ಕೆ ಒಂದೇ ಗ್ರಾಂ ತೂಕ ಹಿಡಿಯೋಣ, ಗಾಡಿಗೆ ಒಂದು ಟನ್. ಐವತ್ತೆಂಟು ಗಾಡಿ ತುಂಬುವ ಹೊತ್ತಿಗೆ ಸುಮಾರು 2,900 ಕೋಟಿ ರೂಪಾಯಿ ಆಗುತ್ತದೆ. ನೂರ ಹದಿನಾರು ಎತ್ತು ಎಳೆಯಬೇಕಾದ ದುಡ್ಡು. ಇದನ್ನು ಯಾರ ಕಣ್ಣಿಗೂ ಬೀಳದಂತೆ ಅಜ್ಜಂಪುರ ದಾಟಿಸಿ ನೋಡಿ!

2017ರ ನವೆಂಬರ್ 15ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಲಿಯೊನಾರ್ಡೊ ಡ ವಿಂಚಿಯದೆನ್ನಲಾದ ‘ಸಾಲ್ವಟೋರ್ ಮುಂಡಿ’ ಚಿತ್ರ ಮಾರಾಟವಾಗಿದ್ದು 45.03 ಕೋಟಿ ಡಾಲರಿಗೆ. ಅಂದಿನ ವಿನಿಮಯ ದರದಲ್ಲಿ ನಮ್ಮ ಐವತ್ತೆಂಟು ಗಾಡಿಗಳ ಹೇರು ಹೆಚ್ಚುಕಡಿಮೆ ಅದೇ. ಚಿತ್ರವಿರುವ ಮರದ ಹಲಗೆಯ ಎತ್ತರ 65.7 ಸೆಂಟಿಮೀಟರ್, ಅಗಲ 45.7. ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಕಿರುಬೆರಳಿನ ಉಗುರಿನಷ್ಟು ಜಾಗಕ್ಕೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ, ಹತ್ತಿರ ಹತ್ತಿರ 97 ಲಕ್ಷ ರೂಪಾಯಿ ಬಿತ್ತು. ಇದೇ ಹಲಗೆ 2005ರಲ್ಲಿ ನ್ಯೂ ಆರ್ಲಿಯನ್ಸಿನ ಹರಾಜಿನಲ್ಲಿ ಹೋಗಿದ್ದು 1,175 ಡಾಲರಿಗೆ. ಹನ್ನೆರಡು ವರ್ಷದಲ್ಲಿ 3.83 ಲಕ್ಷ ಪಟ್ಟು! ಅಡಿಕೆಗೆ ಎಂಥ ಬಂಗಾರದ ಕಾಲ ಬಂದಾಗಲೂ ತರೀಕೆರೆ ಸೀಮೆಯ ಯಾವ ಬೆಳೆಗಾರನೂ ಇಂಥ ಧಾರಣೆ ಕನಸು ಕಂಡಿರಲಾರ.

ಆ ವ್ಯಾಪಾರ ಕಪ್ಪುಹಣದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಕಪ್ಪುಹಣ ಇದ್ದವನಿಗೆ ಚಿತ್ರವೆಂದರೆ ಏಕೆ ಅಷ್ಟು ಪ್ರೀತಿ ಎನ್ನುವುದು ಮೇಲಿನ ಅಂಕಿಗಳಲ್ಲೇ ಇದೆ. ತೂಕವಿಲ್ಲ, ಮಾರುಕಟ್ಟೆ ದರವಿಲ್ಲ. ಇಂದು ಐವತ್ತು ಸಾವಿರ, ನಾಳೆ ಐವತ್ತು ಕೋಟಿ ಎಂದರೆ ಅಲ್ಲಗಳೆಯಲು ಯಾರ ಬಳಿಯೂ ತಕ್ಕಡಿಯಿಲ್ಲ.

ಬೆಲೆ ಇಳಿಸಿಯೂ ಆಟ ಆಡಬಹುದು. ಬ್ರೆಜಿಲಿನ ಬ್ಯಾಂಕರ್ ಎಡೆಮಾರ್ ಸಿಡ್ ಫೆರೇರಾ ಬಳಿಯಿದ್ದ, ಚಿತ್ರಕಾರ ಬಾಸ್ಕಿಯಾ ಬರೆದ ‘ಹ್ಯಾನಿಬಾಲ್’ ಚಿತ್ರ 2007ರಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಬಂತು. ಜತೆಗಿದ್ದ ಬಿಲ್ಲಿನಲ್ಲಿ ಚಿತ್ರದ ಹೆಸರಿರಲಿಲ್ಲ, ಬೆಲೆ ನೂರು ಡಾಲರ್ ಎಂದಿತ್ತು. ನಿಜವಾದ ಬೆಲೆ ಸುಮಾರು 80 ಲಕ್ಷ ಡಾಲರ್. ಸುಳ್ಳು ಹೇಳುವುದಾದರೂ ಎಂಬತ್ತು ಸಾವಿರ ಪಟ್ಟು ಹೇಳಬೇಕೆ? ಅಮೆರಿಕ ಅದನ್ನು ಹಿಡಿದು 2015ರಲ್ಲಿ ಬ್ರೆಜಿಲಿಗೆ ವಾಪಸು ಕೊಟ್ಟಿತು.

ನಮ್ಮ ಜಾತ್ರೆಗಳ ದನದ ವ್ಯಾಪಾರದಲ್ಲೂ ಗುಟ್ಟು ಉಂಟು. ಟವೆಲ್ ಅಡಿ ಬೆರಳು ಹಿಡಿದು ರೇಟು ಕುದುರಿಸುತ್ತಾರೆ, ಪಕ್ಕದವನಿಗೂ ತಿಳಿಯುವುದಿಲ್ಲ. ಆದರೆ ಬೆರಳು ಹಿಡಿಯುವ ಮೊದಲೇ ಒಂದು ಪ್ರಶ್ನೆ ಮುಗಿದಿರುತ್ತದೆ: ‘ಯಾವೂರಪ್ಪ, ಯಾರ ಮಗ?’ ಬೆಲೆ ಗುಟ್ಟಾಗಿರಬಹುದು, ಆಳು ಗುಟ್ಟಾಗಿರುವಂತಿಲ್ಲ. ಜಗತ್ತಿನ ಕಲಾ ವ್ಯಾಪಾರ ಮಾತ್ರ ಇದನ್ನು ತಿರುವಿಹಾಕಿ, ಬೆಲೆಯನ್ನು ಡಂಗುರ ಸಾರಿ ಆಳನ್ನು ಟವೆಲ್ ಅಡಿ ಇಟ್ಟಿತು. 2020ರ ಜುಲೈನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೊಂದು ವರದಿ ಕೊಟ್ಟಿತು. ಅದರ ಪ್ರಕಾರ, 2014ರಲ್ಲಿ ಅಮೆರಿಕದ ನಿರ್ಬಂಧಕ್ಕೆ ಒಳಗಾದ ರಷ್ಯಾದ ರೋಟೆನ್‌ಬರ್ಗ್ ಸಹೋದರರ ನಂಟಿದ್ದ ಹೆಸರಿಗಷ್ಟೇ ಇದ್ದ ಕಂಪನಿಗಳು ಆಮೇಲೂ ಅಮೆರಿಕದಲ್ಲಿ 1.8 ಕೋಟಿ ಡಾಲರಿಗೂ ಹೆಚ್ಚಿನ ಕಲಾಕೃತಿ ಕೊಂಡಿದ್ದವು. ಹರಾಜಿನವರು ಮುಂದೆ ನಿಂತ ದಲ್ಲಾಳಿಯನ್ನೇ ಗಿರಾಕಿ ಎಂದು ಬರೆದುಕೊಂಡರು, ಯಾರ ಪರವಾಗಿ ಕೊಳ್ಳುತ್ತೀಯ ಎಂದು ಕೇಳಲಿಲ್ಲ. ಗಿರಾಕಿಯ ಹೆಸರನ್ನು ಊರಿಗೆಲ್ಲ ಹೇಳಬೇಕಾಗಿಲ್ಲ, ಮಾರುವವನಿಗಾದರೂ ಅದು ಗೊತ್ತಿರಬೇಡವೇ?

ಯುರೋಪ್ ಕೇಳಲು ಶುರು ಮಾಡಿದ್ದು 2020ರ ಜನವರಿ 10ರಿಂದ. 10,000 ಯೂರೊ ಮತ್ತು ಅದಕ್ಕೂ ಮೇಲಿನ ಕಲಾ ವ್ಯಾಪಾರಕ್ಕೆ ಗಿರಾಕಿಯ ಗುರುತು, ಅವನ ಹಿಂದಿರುವ ನಿಜವಾದ ಮಾಲೀಕನ ಗುರುತು ಎರಡೂ ಬೇಕು. ನಮ್ಮಲ್ಲಿ 2020ರ ಡಿಸೆಂಬರಿನಲ್ಲಿ ಚಿನ್ನ, ರತ್ನದ ವ್ಯಾಪಾರಿಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯೊಳಗೆ ತಂದರು, 10 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲಿನ ನಗದು ವ್ಯವಹಾರಕ್ಕೆ. ಆ ಅಧಿಸೂಚನೆಯಲ್ಲಿ ಚಿತ್ರದ ಗ್ಯಾಲರಿಯ ಮಾತಿಲ್ಲ. ಆದರೆ ಈರುಳ್ಳಿ ಮಾರಿದ ದುಡ್ಡು ಕಟ್ಟಲು ಹೋದವನಿಗೆ ಬ್ಯಾಂಕು 50,000 ದಾಟಿದ ಕೂಡಲೇ ಪ್ಯಾನ್ ಎಲ್ಲಿ ಎಂದು ವರ್ಷಗಟ್ಟಲೆ ಕೇಳಿಕೊಂಡು ಬಂದಿದೆ.

ಇದು ದೂರದ ಶ್ರೀಮಂತರ ಕತೆ ಎಂದುಕೊಳ್ಳುವ ಮೊದಲು ಇದೇ ಸೀಮೆಯ ಅಮೃತಾಪುರಕ್ಕೆ ಹೋಗಿ ಬನ್ನಿ. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಜನ್ನನ ಪದ್ಯಗಳಿರುವ ಶಾಸನ, ಮಂಟಪದಲ್ಲಿ ರೂವಾರಿ ಮಲ್ಲಿತಮ್ಮ ಉಳಿ ಹಿಡಿದ ಒಳಛಾವಣಿ. ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕ, ಉತ್ತರದಲ್ಲಿ ಕೃಷ್ಣನ ಕತೆಯ 25, ಮಹಾಭಾರತದ 45. ಒಟ್ಟು 140. ಇವಕ್ಕೆ ಬೆಲೆ ಕಟ್ಟುವುದು ಪಾಪವೇ, ಆದರೆ ಕಳ್ಳಮಾರುಕಟ್ಟೆ ಕಟ್ಟುತ್ತದೆ. ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಜಾಲದಿಂದ ಅಲ್ಲಿನ ತನಿಖಾಧಿಕಾರಿಗಳು ವಶಪಡಿಸಿಕೊಂಡ ವಸ್ತುಗಳು 2,500ಕ್ಕೂ ಹೆಚ್ಚು, ಮೌಲ್ಯ 14.3 ಕೋಟಿ ಡಾಲರಿಗೂ ಹೆಚ್ಚು. ಸರಾಸರಿ ಹಿಡಿದರೆ ಒಂದಕ್ಕೆ ಸುಮಾರು 57,000 ಡಾಲರ್. ಆ ದರದಲ್ಲಿ ಅಮೃತಾಪುರದ ಗೋಡೆ ಸುಮಾರು 80 ಲಕ್ಷ ಡಾಲರಿನದು.

ತಮಿಳುನಾಡಿನ ಶ್ರೀಪುರಂದಾನ್ ಗುಡಿಯ ನಟರಾಜನನ್ನು ಕಪೂರ್ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಗೆ 2008ರಲ್ಲಿ 50 ಲಕ್ಷ ಅಮೆರಿಕನ್ ಡಾಲರಿಗೆ ಮಾರಿದ. ಸುಡಾನಿನ ರಾಜತಾಂತ್ರಿಕನೊಬ್ಬ 1970ರ ಆಸುಪಾಸಿನಲ್ಲಿ ದಿಲ್ಲಿಯಲ್ಲಿ ಕೊಂಡದ್ದು ಎಂದು ಕಾಗದ ಹೇಳುತ್ತಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಒಂದು ಹಳೇ ಫೋಟೊ ಇತ್ತು: 1994ರಲ್ಲಿ ಮೂರ್ತಿ ಗುಡಿಯೊಳಗೇ ನಿಂತಿದೆ. ಅಷ್ಟು ದುಡ್ಡಿನ ಸುಳ್ಳನ್ನು ಬಯಲು ಮಾಡಿದ್ದು ತಾರೀಖಿದ್ದ ಒಂದು ಫೋಟೊ. 2014ರ ಸೆಪ್ಟೆಂಬರಿನಲ್ಲಿ ನಟರಾಜ ಭಾರತಕ್ಕೆ ಮರಳಿದ.

ನಿಮ್ಮೂರ ಹೊಲದ ಬದುವಿನಲ್ಲಿ ವೀರಗಲ್ಲೋ ಮಾಸ್ತಿಕಲ್ಲೋ ಇದ್ದರೆ, ಈ ಸಲ ಜಾತ್ರೆಗೆ ಬಂದಾಗ ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೊ ತೆಗೆದು, ಊರ ಹೆಸರು, ತಾರೀಖು ಬರೆದಿಡಿ.