‘ಮೆರ್ಸಿ’ ಎಂದರೆ ಬೇಡ! ಫ್ರೆಂಚರ ಮಾತಿನ ಒಳಗುಟ್ಟು

ಫ್ರಾನ್ಸಿನ ಮನೆಯೊಂದಕ್ಕೆ ಹೊಸಬರೊಬ್ಬರು ಊಟಕ್ಕೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಮನೆಯಾಕೆ ಪಾತ್ರೆಯನ್ನು ಮುಂದೆ ಹಿಡಿದು ‘ಇನ್ನೂ ಸ್ವಲ್ಪ?’ ಎಂದು ಕೇಳುತ್ತಾರೆ. ಅತಿಥಿ ಪುಸ್ತಕದಲ್ಲಿ ಕಲಿತಂತೆ ‘ಮೆರ್ಸಿ’ ಎನ್ನುತ್ತಾರೆ. ಪಾತ್ರೆ ಹಾಗೆಯೇ ಪಕ್ಕದವರ ಕಡೆಗೆ ಸಾಗುತ್ತದೆ! ‘ಮೆರ್ಸಿ’ ಎಂದರೆ ಧನ್ಯವಾದ ಎಂಬುದು ನಿಜ. ಆದರೆ ಏನಾದರೂ ಬಡಿಸಲು ಬಂದಾಗ ಬರೇ ‘ಮೆರ್ಸಿ’ ಎಂದರೆ ‘ಸಾಕು, ಬೇಡ’ ಎಂದು ತಿಳಿಯುವ ಸಂಭವವೇ ಹೆಚ್ಚು. ಬೇಕಿದ್ದರೆ ‘ವೊಲೊಂತಿಯೇ’, ಅಂದರೆ ‘ಸಂತೋಷದಿಂದ’ ಎನ್ನಬೇಕು.

ಪರಭಾಷೆ ಕಲಿಯುವವರಿಗೆ ವ್ಯಾಕರಣಕ್ಕಿಂತ ಕಷ್ಟದ ವಿಷಯ ಇದು. ವ್ಯಾಕರಣ ತಪ್ಪಿದರೆ ಎದುರಿನವರು ‘ಪಾಪ, ಈಗಷ್ಟೇ ಕಲಿಯುತ್ತಿದ್ದಾರೆ’ ಎಂದುಕೊಳ್ಳುತ್ತಾರೆ. ವಿನಯದ ರೀತಿ ತಪ್ಪಿದರೆ ಮಾತ್ರ ‘ಈ ಮನುಷ್ಯನೇ ಒರಟ’ ಎಂದು ತೀರ್ಮಾನಿಸುತ್ತಾರೆ. ಓದಿಗೋ ಉದ್ಯೋಗಕ್ಕೋ ಫ್ರಾನ್ಸಿಗೆ ಹೋದವರಲ್ಲಿ ಕೆಲವರು ‘ಫ್ರೆಂಚರು ಮುಖ ಕೊಟ್ಟು ಮಾತನಾಡುವುದಿಲ್ಲ’ ಎಂದು ದೂರುವುದಕ್ಕೆ ಇದೂ ಒಂದು ಕಾರಣ.

ಮೊದಲ ಪಾಠ ‘ಬೊಂಜೂರ್’. ಅಂಗಡಿಗೆ ಕಾಲಿಟ್ಟಾಗ, ಬಸ್ಸು ಹತ್ತುವಾಗ, ಔಷಧ ಕೇಳುವ ಮುನ್ನ ಈ ನಮಸ್ಕಾರ ಆಗಲೇಬೇಕು. ಸಂಜೆಯಾದರೆ ‘ಬೊಂಸ್ವಾರ್’. ನಮಸ್ಕಾರ ಬಿಟ್ಟು ನೇರವಾಗಿ ‘ಸ್ಟೇಷನ್ ಎಲ್ಲಿ?’ ಎಂದು ಕೇಳಿದರೆ ಉತ್ತರದ ಬದಲು ‘ಬೊಂಜೂರ್’ ಎಂಬ ಒಂದೇ ಪದ ಮರಳಿ ಬರಬಹುದು. ಅದು ಸ್ವಾಗತವಲ್ಲ. ‘ನೀವು ಒಂದು ಮಾತು ಮರೆತಿರಿ’ ಎಂಬ ನಯವಾದ ಆಕ್ಷೇಪ.

ಎರಡನೆಯದು ಕೇಳುವ ರೀತಿ. ಕನ್ನಡದಲ್ಲಿ ‘ಒಂದು ಕಾಫಿ ಕೊಡಿ’ ಎಂದರೆ ಸಾಕು, ‘ಕೊಡಿ’ ಎಂಬಲ್ಲೇ ಮರ್ಯಾದೆ ಇದೆ. ಫ್ರೆಂಚಿನಲ್ಲಿ ‘ನನಗೆ ಬೇಕು’ ಎಂಬರ್ಥದ ‘ಜ ವೋ’ ಅಂಗಡಿಯಲ್ಲಿ ಮಗುವಿನ ಹಟದಂತೆ ಕೇಳಿಸುತ್ತದೆ. ಅದೇ ಕ್ರಿಯಾಪದವನ್ನು ‘ಜ ವುದ್ರೇ’ ಎಂದು ಬದಲಿಸಿದರೆ ‘ಸಿಕ್ಕಿದರೆ ಒಳ್ಳೆಯದಿತ್ತು’ ಎಂಬ ನಯ ಬರುತ್ತದೆ. ಇನ್ನು ‘ಉಪ್ಪಿನ ಡಬ್ಬ ದಾಟಿಸಲು ನಿಮಗೆ ಸಾಧ್ಯವೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಸುಮ್ಮನೆ ಕುಳಿತರೆ ನಗೆಪಾಟಲು. ‘ಇಲ್ಲಿ ಚಳಿ ಇದೆ, ಅಲ್ಲವೇ?’ ಎಂದರೆ ಕಿಟಕಿ ಮುಚ್ಚಿ ಎಂದರ್ಥ ಇರಬಹುದು.

ಹೊಗಳಿಕೆ ತೆಗಳಿಕೆಯಲ್ಲಂತೂ ಮಾತು ತಿರುವುಮುರುವು. ‘ಪಾ ಮಾಲ್’ ಎಂದರೆ ಪದಶಃ ‘ಕೆಟ್ಟದ್ದಲ್ಲ’. ಆದರೆ ಹೇಳುವ ಧಾಟಿ ಸರಿಯಿದ್ದರೆ ಅದು ಒಳ್ಳೆಯ ಮೆಚ್ಚುಗೆಯೇ. ‘ಪಾ ತೆರೀಬ್ಲ್’ ಎಂದರೆ ‘ಭಯಂಕರವಲ್ಲ’ ಎಂದು ತಿಳಿದು ಸಮಾಧಾನಪಟ್ಟರೆ ಮೋಸ. ಆಡುಮಾತಿನಲ್ಲಿ ‘ತೆರೀಬ್ಲ್’ಗೆ ‘ಅದ್ಭುತ’ ಎಂಬ ಅರ್ಥವೂ ಇರುವುದರಿಂದ ಅದು ‘ಅಷ್ಟೇನೂ ಚೆನ್ನಾಗಿಲ್ಲ’ ಎಂಬ ತೀರ್ಪು. ಅಡುಗೆ ಸವಿದು ‘ಸೆ ಸ್ಪೆಸ್ಯಾಲ್’ ಎಂದರೆ ವಿಶೇಷವಾಗಿದೆ ಎಂದಲ್ಲ, ‘ನನಗೆ ಹಿಡಿಸಲಿಲ್ಲ’ ಎಂದೇ ಇರಬಹುದು. ‘ಓ ವೆರಾ’ ಎಂದರೆ ‘ನೋಡೋಣ’. ಕರಾವಳಿ ಕನ್ನಡದ ‘ನೋಡುವ’ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ!

ಹೀಗೇಕೆ? ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1987ರ ತಮ್ಮ ಪುಸ್ತಕದಲ್ಲಿ ಕೊಟ್ಟ ವಿವರಣೆ ಕನ್ನಡದ ‘ಮುಖಭಂಗ’ ಎಂಬ ಪದಕ್ಕೆ ಬಹಳ ಹತ್ತಿರ. ಕೇಳುವುದು, ನಿರಾಕರಿಸುವುದು, ಟೀಕಿಸುವುದು ಇವೆಲ್ಲ ಎದುರಿನವರ ಇಲ್ಲವೇ ತನ್ನ ಮುಖಭಂಗಕ್ಕೆ ಕಾರಣವಾಗಬಲ್ಲವು. ಮಾತನ್ನು ಬಳಸಿ ಹೇಳಿದರೆ ಕೇಳಿದವರಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯುತ್ತದೆ. ಫ್ರೆಂಚ್ ಭಾಷಾವಿಜ್ಞಾನಿ ಕ್ಯಾಥರಿನ್ ಕೆರ್ಬ್ರಾ-ಒರೆಕ್ಕಿಯೋನಿ 1986ರಲ್ಲಿ ಇಂಥ ಒಳಾರ್ಥದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ.

‘ತ್ಯು’ ಮತ್ತು ‘ವು’ ಕನ್ನಡದ ‘ನೀನು’, ‘ನೀವು’ಗಳಂತೆ ಕಂಡರೂ ಲೆಕ್ಕ ಬೇರೆ. ಕನ್ನಡದಲ್ಲಿ ಅಪ್ಪನಿಗೆ ‘ನೀವು’ ಎನ್ನುವ ಮನೆಗಳು ಬೇಕಾದಷ್ಟಿವೆ. ಫ್ರಾನ್ಸಿನ ಹೆಚ್ಚಿನ ಮನೆಗಳಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರೂ ‘ತ್ಯು’. ಆದರೆ ಪರಿಚಯವಿಲ್ಲದ ಅಂಗಡಿ ಹುಡುಗನಿಗೂ ‘ವು’ ಎನ್ನಬೇಕು. ಅಂದರೆ ಇಲ್ಲಿ ವಯಸ್ಸಿಗಿಂತ ಸಲುಗೆ ಮುಖ್ಯ. 1793ರಲ್ಲಿ ಕ್ರಾಂತಿಕಾರಿಗಳು ಸಮಾನತೆಯ ಹೆಸರಿನಲ್ಲಿ ಎಲ್ಲರೂ ‘ತ್ಯು’ ಎನ್ನಬೇಕೆಂದು ಒತ್ತಾಯಿಸಿದರೂ ಆ ಪದ್ಧತಿ ಹೆಚ್ಚು ಕಾಲ ಬಾಳಲಿಲ್ಲ.

ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ಕನ್ನಡಿಗರಿಗೆ ಒಳಾರ್ಥ ಹೊಸದೇನಲ್ಲ. ಫ್ರೆಂಚ್ ಕಲಿಯುವಾಗ ಪದದ ಜೊತೆಗೆ ಅದನ್ನು ಯಾರು, ಯಾರಿಗೆ, ಯಾವ ಧಾಟಿಯಲ್ಲಿ ಹೇಳಿದರು ಎಂಬುದನ್ನೂ ಗಮನಿಸಬೇಕು. ಸಂಶಯ ಬಂದಲ್ಲಿ ‘ಬೊಂಜೂರ್’ ಹೇಳಿ, ‘ವು’ ಬಳಸಿ. ‘ತ್ಯು’ ಎನ್ನೋಣವೇ ಎಂಬ ಮಾತು ಹಿರಿಯರ ಕಡೆಯಿಂದಲೇ ಬರಲಿ.