ಕೂಸಿನ ಮೂರ್ಛೆಯ ಮೂಲವನ್ನು ಅರಸುವ ಬಗೆ

ಕೂಸಿಗೆ ಮೂರ್ಛೆ ಬಂದೊಡನೆ ಕೈಗೆ ಬೀಗದ ಕೈಗೊಂಚಲನ್ನು ಕೊಡುವುದು, ಈರುಳ್ಳಿಯನ್ನು ಮೂಸಿಸುವುದು ಮುಂತಾದ ಉಪಚಾರಗಳನ್ನು ವಾಚಕರೆಲ್ಲರೂ ಕಂಡಿರುವರು. ಇವುಗಳಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿ ನಾವು ಪ್ರಕೃತ ವಿಷಯಕ್ಕೆ ಬರುತ್ತೇವೆ.

ಕೆಲವು ಮಕ್ಕಳಲ್ಲಿ ಮೂರ್ಛೆಯ ಬೀಜವು ಹುಟ್ಟುವ ಮೊದಲೇ ಬಿದ್ದಿರುತ್ತದೆ. ಗರ್ಭದಲ್ಲಿ ಮಿದುಳು ಬೆಳೆಯುವಾಗ ಅದರ ಜೀವಕಣಗಳು ಒಳಗಿನಿಂದ ಹೊರಮೈಗೆ ಸಾಗಿ ಪದರಪದರವಾಗಿ ನೆಲೆಗೊಳ್ಳಬೇಕು. ಒಂದು ತಾವಿನಲ್ಲಿ ಈ ಕ್ರಮವು ಕೆಟ್ಟಿತೆಂದರೆ ಪದರಗಳು ಕಲಸಿಹೋಗಿ ಕಣಗಳು ವಿಕಾರ ಹೊಂದುತ್ತವೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಟೇಲರ್ ಮೊದಲಾದವರು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಿದುಳಿನ ತುಣುಕುಗಳನ್ನು ಪರೀಕ್ಷಿಸಿ ಈ ದೋಷವನ್ನು ವರ್ಣಿಸಿದರು. ಔಷಧಕ್ಕೆ ಮಣಿಯದ ಮೂರ್ಛೆಯಲ್ಲಿ ಆ ತಾವನ್ನು ಕತ್ತರಿಸಿ ತೆಗೆಯುವುದುಂಟು. ಕತ್ತರಿಸಬೇಕಾದುದು ಮಿದುಳು, ಮಾತು, ನಡೆ, ನೋಟಗಳೆಲ್ಲ ಅಲ್ಲಿಯೇ ಇವೆ. ಹೀಗಿರುವಾಗ ಆ ದೋಷವು ಎಷ್ಟೋ ವೇಳೆ ಎಂ.ಆರ್.ಐ. ಚಿತ್ರದಲ್ಲಿಯೂ ಸ್ಪಷ್ಟವಾಗಿ ಕಾಣುವುದಿಲ್ಲ.

ಇಲ್ಲಿ ರಕ್ತಪ್ರವಾಹದ ಚಿತ್ರವು ನೆರವಾಗುತ್ತದೆ. ಮೂರ್ಛೆಯು ಹುಟ್ಟುವ ತಾವಿಗೆ ಆ ಕ್ಷಣದಲ್ಲಿ ರಕ್ತವು ಹೆಚ್ಚಾಗಿ ನುಗ್ಗುತ್ತದೆ. ಬೇರೆ ಸಮಯದಲ್ಲಿ ಅದೇ ತಾವಿಗೆ ಬಹಳಮಟ್ಟಿಗೆ ಕಡಮೆಯೇ ಹರಿಯುತ್ತದೆ. ಆದರೆ ಕೈಕಾಲು ಅದುರುತ್ತಿರುವ ಕೂಸನ್ನು ಯಂತ್ರದಲ್ಲಿ ಮಲಗಿಸುವುದೆಂತು? ಇದಕ್ಕೆ ವೈದ್ಯರು ಕಂಡ ಉಪಾಯವು ಸೊಗಸಾಗಿದೆ. ಟೆಕ್ನೀಷಿಯಂ ಎಂಬ ಕಿರಣ ಸೂಸುವ ಧಾತುವನ್ನು ಬೆರೆಸಿದ ಮದ್ದನ್ನು ಮೂರ್ಛೆಯ ಮೊದಲ ಕ್ಷಣಗಳಲ್ಲಿಯೇ ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ಒಂದೆರಡು ನಿಮಿಷಗಳಲ್ಲಿ, ರಕ್ತ ಹೆಚ್ಚಾಗಿ ಹರಿದಲ್ಲಿ ಹೆಚ್ಚಾಗಿ ಸೇರಿ, ಅಲ್ಲಿಯೇ ನಿಂತುಬಿಡುತ್ತದೆ. ಮೂರ್ಛೆ ಅಡಗಿ ಕೂಸು ಮಲಗಿದ ಮೇಲೆ ಕ್ಯಾಮೆರಾ ತಲೆಯ ಸುತ್ತ ತಿರುಗಿ ಚಿತ್ರವನ್ನು ತೆಗೆಯುತ್ತದೆ. ಕಳ್ಳನು ಹೋದ ಮೇಲೆ ಹೆಜ್ಜೆಗುರುತನ್ನು ನೋಡಿದಂತೆ! ಆ ಧಾತುವಿನ ಕಿರಣಶಕ್ತಿಯು 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತ ಬೇಗ ಕುಂದಿಹೋಗುತ್ತದೆ. ಮೂರ್ಛೆಯಿಲ್ಲದ ದಿನವೂ ಒಂದು ಚಿತ್ರವನ್ನು ತೆಗೆದು ಎರಡನ್ನೂ ಹೋಲಿಸುತ್ತಾರೆ.

ಸಿರಿಂಜು ತಡವಾದರೆ ಮೂರ್ಛೆಯು ಅಷ್ಟರಲ್ಲಿಯೇ ಬೇರೆಡೆಗೆ ಹಬ್ಬಿ, ಚಿತ್ರವು ತಪ್ಪಾದ ತಾವನ್ನು ತೋರಿಸೀತು. ಆದುದರಿಂದ ದಾದಿಯು ಮದ್ದನ್ನು ಸಿದ್ಧವಾಗಿಟ್ಟುಕೊಂಡು ಹಾಸಿಗೆಯ ಬಳಿಯಲ್ಲಿಯೇ ಕುಳಿತಿರಬೇಕಾಗುತ್ತದೆ. ಈಚೆಗೆ ಎಂ.ಆರ್.ಐ. ಯಂತ್ರದಲ್ಲಿಯೇ, ರಕ್ತದೊಳಗಿನ ನೀರಿಗೆ ಅಯಸ್ಕಾಂತದಿಂದ ಗುರುತು ಹಾಕಿ, ಚುಚ್ಚುಮದ್ದಾಗಲಿ ಕಿರಣವಾಗಲಿ ಇಲ್ಲದೆ ಪ್ರವಾಹವನ್ನು ಅಳೆಯುವ ಕ್ರಮವೂ ಬಂದಿದೆ. ಕೂಸು ಮಾತ್ರ ಅಲುಗದೆ ಇರಬೇಕು.

ಯಾವ ಚಿತ್ರವನ್ನೂ ವೈದ್ಯರು ಒಂಟಿಯಾಗಿ ನಂಬುವುದಿಲ್ಲ. ಮಿದುಳಿನ ವಿದ್ಯುತ್ತಿನ ಲೇಖನವನ್ನು ನೋಡುತ್ತಾರೆ; ತಾಯಿಯನ್ನೂ ಕೇಳುತ್ತಾರೆ. ಮೊದಲು ಸೆಟೆದದ್ದು ಎಡಗೈಯೋ ಬಲಗೈಯೋ, ಕಣ್ಣು ಯಾವ ಕಡೆಗೆ ಹೊರಳಿತು, ಎಷ್ಟು ಹೊತ್ತು ಇತ್ತು ಎಂಬುದನ್ನು ಆಕೆ ಗಡಿಯಾರ ನೋಡಿ ಬರೆದಿಟ್ಟಿದ್ದರೆ ಆ ಕಾಗದವನ್ನೂ ಚಿತ್ರಗಳ ಪಕ್ಕದಲ್ಲಿಟ್ಟು ಓದುತ್ತಾರೆ.