ಮುಕ್ತೇಶ್ವರ ಗುಡಿಯ ಕಲ್ಲುಗಳು ಹೇಳುವ ಕತೆ

ಕ್ರಿ.ಶ. 1225ರ ಆಗಸ್ಟ್ 19. ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರಿಗೆ ಅಂದು ಶಿವದೇವರೆಂಬ ಶರಣರು ಬಂದರು. ನಮ್ಮ ಸೀಮೆಯನ್ನಾಳಿದ ಎಷ್ಟೋ ಅರಸರು ಪಟ್ಟಕ್ಕೇರಿದ ವರ್ಷವೇ ಸರಿಯಾಗಿ ಸಿಗುವುದಿಲ್ಲ. ಸಿಂಹಾಸನವಿಲ್ಲದ, ಸೈನ್ಯವಿಲ್ಲದ ಒಬ್ಬ ವಿರಾಗಿ ಊರೊಳಗೆ ಕಾಲಿಟ್ಟ ದಿನ ಮಾತ್ರ ಶಾಸನದಲ್ಲಿ ಉಳಿದುಕೊಂಡಿದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ, ನಮ್ಮ ಜನರ ಬಾಯಲ್ಲಿ ಚೌಡದಾನಪುರ, ನನ್ನನ್ನು ಹಿಡಿದದ್ದು ಈ ಒಂದು ತಾರೀಖಿನಿಂದ.

ಆಗ ಈ ಭಾಗವನ್ನು ಆಳುತ್ತಿದ್ದವರು ಗುತ್ತರು. ಅವರ ರಾಜಧಾನಿ ಗುತ್ತವೊಳಲು, ಈಗಿನ ಗುತ್ತಲ. ಉಜ್ಜಯಿನಿಯ ಚಂದ್ರಗುಪ್ತನ ಕುಲ ತಮ್ಮದೆಂದು ಹೇಳಿಕೊಂಡ ಈ ಮಾಂಡಲಿಕರು ಕಲ್ಯಾಣದ ಚಾಲುಕ್ಯರು, ಕಲಚುರಿಗಳು, ಸೇವುಣರು ಎಂದು ಒಡೆಯರು ಬದಲಾದರೂ ತಮ್ಮ ನೆಲ ಬಿಡಲಿಲ್ಲ. ಅವರ ಕೋಟೆಕೊತ್ತಲಗಳಿಗಿಂತ ಗಟ್ಟಿಯಾಗಿ ನಿಂತಿರುವುದು ಹೊಳೆದಂಡೆಯ ಈ ಮುಕ್ತೇಶ್ವರ ಗುಡಿ. ಒಂದೇ ಗರ್ಭಗುಡಿ, ಬಳಪದ ಕಲ್ಲಿನ ನಯವಾದ ಕೆತ್ತನೆ, ಚಾಲುಕ್ಯ ಶೈಲಿ. ಗಾತ್ರದಲ್ಲಿ ದೊಡ್ಡದಲ್ಲ. ಆದರೆ ಎತ್ತರದ ಶಾಸನದ ಕಲ್ಲುಗಳ ಮುಂದೆ ನಿಂತರೆ ಇದು ಒಂದು ಪೂರ್ತಿ ಗ್ರಂಥಾಲಯ ಅನ್ನಿಸುತ್ತದೆ.

ಆ ಹಳಗನ್ನಡದ ಸಾಲುಗಳಲ್ಲಿ ಇಬ್ಬರು ಎದ್ದು ಕಾಣುತ್ತಾರೆ. ಒಬ್ಬರು ಲಾಕುಳ ಶೈವ ಪರಂಪರೆಯ ಮುಕ್ತಜೀಯರು, ಇನ್ನೊಬ್ಬರು ವೀರಶೈವರಾದ ಶಿವದೇವರು. ಮುಕ್ತಿಕ್ಷೇತ್ರವೆಂದು ಹೆಸರಾದ ಈ ಊರಲ್ಲೇ ನೆಲೆನಿಂತು ಶಿವದೇವರು ದೀರ್ಘಕಾಲ ವೈರಾಗ್ಯದ ಬಾಳು ಬಾಳಿದರು. ಇದೇ ಹಾವೇರಿ ಜಿಲ್ಲೆಯ ಅಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ ತಲೆಯನ್ನೇ ಕತ್ತರಿಸಿಕೊಟ್ಟು ಮರಳಿ ಪಡೆದ ಕತೆಯನ್ನು ಸೋಮೇಶ್ವರ ಗುಡಿಯ ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ಕತೆ ಎಲ್ಲರಿಗೂ ಗೊತ್ತು. ಎರಡು ಶೈವ ಪರಂಪರೆಗಳ ಗುರುಗಳನ್ನು ಒಂದೇ ಅಂಗಳದಲ್ಲಿ ಗೌರವದಿಂದ ನೆನೆದ ಚೌಡದಾನಪುರದ ಕತೆಗೆ ಆ ಭಾಗ್ಯ ಬರಲಿಲ್ಲ. ನನಗೆ ಇದೇ ದೊಡ್ಡದು.

ಊರಿನ ಹೆಸರಿಗೆ ಕಾರಣ ಅಂಬಿಗರ ಚೌಡಯ್ಯ. ನಿಷ್ಠುರ ಮಾತಿನ ಆ ವಚನಕಾರನಿಗೆ ಈ ಊರು ದಾನವಾಗಿ ಬಂತೆಂದು ಜನ ಹೇಳುತ್ತಾರೆ. ಬಸವಣ್ಣನವರ ಕಾಲದ ಚೌಡಯ್ಯ ಶಿವದೇವರಿಗಿಂತ ಎರಡು ತಲೆಮಾರು ಹಿಂದಿನವನು. ಜನರ ನೆನಪಿನಲ್ಲಿ ಮಾತ್ರ ಇಬ್ಬರೂ ಒಂದೇ ಹೊಳೆಯ ನೀರು ಕುಡಿದವರು.

ಈ ಗುಡಿಯ ಮೇಲೆ ಪೂರ್ತಿ ಒಂದು ಪುಸ್ತಕ ಬಂದದ್ದು 1995ರಲ್ಲಿ, ಇಂಗ್ಲಿಷಿನಲ್ಲಿ. ಬರೆದವರು ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ, ಸಂಸ್ಕೃತ ವಿದ್ವಾಂಸ ಪಿಯರ್ ಸಿಲ್ವೆನ್ ಫಿಲಿಯೋಜಾ. ವಸುಂಧರಾ ಹಾವೇರಿಯ ಮಗಳು. ಪ್ಯಾರಿಸ್ಸಿಗೆ ಹೋಗಿ ಶಾಸನಶಾಸ್ತ್ರ ಓದಿ, ವಿಜಯನಗರದ ಆರಂಭಕಾಲದ ಶಾಸನಗಳ ಮೇಲೆ ಕೆಲಸ ಮಾಡಿದವರು. ದೂರದ ಊರಿನಲ್ಲಿ ಕಲಿತ ವಿದ್ಯೆಯನ್ನು ತವರಿನ ಒಂದು ಗುಡಿಗೆ ಹೀಗೆ ಧಾರೆ ಎರೆದದ್ದಕ್ಕೆ ನಾವು ಅವರಿಗೆ ಋಣಿಗಳು.

ಇಷ್ಟಿದ್ದೂ ಶಾಲೆಗಳ ಪ್ರವಾಸದ ಬಸ್ಸುಗಳು ಇತ್ತ ತಿರುಗದೆ ನೇರವಾಗಿ ಹಂಪಿಗೆ ಓಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಬ್ಯಾಡಗಿಯ ಮಕ್ಕಳಿಗೆ ತಮ್ಮೂರ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದು ಗೊತ್ತು. ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ್ದೂ ಗೊತ್ತು. ಆ ಮಕ್ಕಳಿಗೆ ಗುತ್ತರ ಹೆಸರನ್ನೂ ಹೇಳಿಕೊಡೋಣ. ಶಾಸನಗಳ ಸಾರವನ್ನು ಇಂದಿನ ಕನ್ನಡದಲ್ಲಿ ಅಚ್ಚು ಹಾಕಿಸಿ ಒಂದೊಂದು ಶಾಲೆಗೂ ಕೊಟ್ಟರೆ ಆಗುವ ಖರ್ಚಾದರೂ ಎಷ್ಟು?

ಹೋಗುವವರು ಹಾವೇರಿಯಿಂದ ಗುತ್ತಲದ ಹಾದಿ ಹಿಡಿಯಿರಿ. ಚೌಡದಾನಪುರ ಮುಗಿಸಿಕೊಂಡು ಅದೇ ದಿನ ಗಳಗನಾಥಕ್ಕೂ ಹೋಗಿಬನ್ನಿ. ವರದೆ ತುಂಗಭದ್ರೆಯನ್ನು ಕೂಡುವಲ್ಲಿ, ಪಿರಮಿಡ್ಡಿನಂಥ ಭಾರಿ ಬುನಾದಿಯ ಮೇಲೆ ಗಳಗೇಶ್ವರನ ಗುಡಿ ನಿಂತಿದೆ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಹೆಸರಾಗಿ ಇಟ್ಟುಕೊಂಡದ್ದು ಆ ಊರಿನ ಹೆಸರನ್ನೇ.